ಇಂದಿನ ಮಟ್ಟ

ಆರೂವರೆ ವಾರ್ತೆಗೆ ಐದು ನಿಮಿಷವಿತ್ತು.
ಮುನೀರ ಕ್ಯಾಮೆರಾದ ಹಿಂದಿನಿಂದ ತಲೆ ಈಚೆ ಹಾಕಿ
'ಮೇಡಂ, ನಿದ್ದೆಗೆಟ್ಟಿದ್ದೀರಾ?' ಅಂದ.
ಇಲ್ಲವಲ್ಲ.
'ಎಡಗಣ್ಣು ಯಾಕೋ ಕೆಳಗಿದೆ.'
ಲೈಟು ಸರಿಸಿದ, ಸ್ಟೂಲು ಏರಿಸಿದ.
ಕಣ್ಣು ಏರಲಿಲ್ಲ.

ಹನ್ನೊಂದು ವರ್ಷದಿಂದ ಮಂಡ್ಯದ ಕೇಬಲ್ಲಿನಲ್ಲಿ
ಕಟ್ಟೆಯ ನೀರು ಓದುವವಳು ನಾನು:
ಗರಿಷ್ಠ ಮಟ್ಟ ನೂರ ಇಪ್ಪತ್ತನಾಲ್ಕು ಪಾಯಿಂಟ್ ಎಂಟು ಸೊನ್ನೆ ಅಡಿ,
ಇಂದಿನ ಮಟ್ಟ, ಒಳಹರಿವು, ಹೊರಹರಿವು.
ಹೋಟೆಲಿನಲ್ಲಿ ಇಡ್ಲಿ ಮುರಿಯುವವರಿಗೆ ಸೌಂಡು ಬೇಕಿರಲಿಲ್ಲವಂತೆ.
ನನ್ನ ಹುಬ್ಬು ಗಂಟಿಕ್ಕಿದರೆ ನೀರು ಇಳಿದಿದೆ,
ಬಿಚ್ಚಿದರೆ ಏರಿದೆ.

ಆ ಗಂಟೇ ಬೇಡವಾಯಿತು ಮಾಲೀಕರಿಗೆ.
'ಎಚ್‌ಡಿ ಬಂತು ವನಜಾಕ್ಷಿ, ಗೆರೆಗಿರೆ ಎಲ್ಲಾ ಕಾಣ್ತವೆ'
ಅಂದರು ಪುಟ್ಟಮಾದಯ್ಯ, ತಮ್ಮ ಗಲ್ಲದ ಮೂರು ಮಡಿಕೆ ಸವರುತ್ತ.
ಸುಳ್ಳು ಯಾಕೆ ಹೇಳಲಿ, ಅವರಿಗೋಸ್ಕರ ಹೋಗಲಿಲ್ಲ.
ಬಸ್ಸಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತು
'ಕೂತ್ಕಳಿ ಅಮ್ಮ' ಅಂದಿದ್ದಳು.
ನನಗೆ ನಲವತ್ಮೂರು.

ಸರಸ್ವತೀಪುರಂನಲ್ಲಿ ಕಾಫಿಪುಡಿ ಅಂಗಡಿಯ ಮೇಲಿನ ಮಹಡಿ.
ಡಾಕ್ಟರ್ ಶ್ರುತಕೀರ್ತಿ ಬಿಳಿ ಪೆನ್ಸಿಲಿನಲ್ಲಿ
ಹುಬ್ಬುಗಳ ನಡುವೆ ಐದು ಚುಕ್ಕಿ ಇಟ್ಟರು.
ರಂಗೋಲಿ ಮುಗಿಸಲಿಲ್ಲ, ಚುಚ್ಚಿದರು. ಸೊಳ್ಳೆ ಕಚ್ಚಿದಷ್ಟೇ.
'ನಾಲ್ಕು ಗಂಟೆ ಮಲಗಬೇಡಿ, ತಿಕ್ಕಬೇಡಿ.'
ವಾಪಸ್ಸು ರೈಲಿನಲ್ಲಿ, ಪಾಂಡವಪುರ ಬರುವಷ್ಟರಲ್ಲಿ
ಕಿಟಕಿಯ ಸರಳಿಗೆ ಹಣೆ ಒತ್ತಿ ನಿದ್ದೆ ಹೋಗಿದ್ದೆ.
ಅದಕ್ಕೇ ಆಯಿತೋ
ಸೂಜಿಯೇ ಕೂದಲೆಳೆ ತಪ್ಪಿತೋ
ಯಾರೂ ಹೇಳುವುದಿಲ್ಲ.

ಫೋನಿನಲ್ಲಿ ಡಾಕ್ಟರು: 'ಒಬ್ಬಿಬ್ಬರಿಗೆ ಹೀಗಾಗುತ್ತೆ.
ಔಷಧ ಸ್ವಲ್ಪ ಕೆಳಗೆ ಜಿನುಗಿರಬೇಕು.
ಆರೆಂಟು ವಾರಕ್ಕೆ ತಾನೇ ಬಿಡುತ್ತೆ, ಹನಿ ಬರೆದುಕೊಡ್ತೀನಿ.'
ಜಿನುಗುವುದು ಗೊತ್ತು ನನಗೆ. ನಾಲೆ ಕೆಳಗಿನ ಊರಿನವಳು.
ಒಂದು ಗದ್ದೆಗೆ ಕಟ್ಟಿದ ನೀರು
ರಾತ್ರಿ ಬದುವಿನಡಿ ದಾರಿ ಮಾಡಿ ಪಕ್ಕದವರ ಒಣಹುಲ್ಲು ನೆನೆಸಿರುತ್ತದೆ.
ಬೆಳಿಗ್ಗೆ ಜಗಳ.

ಬಳ್ಳಿಗೆ ಕಾಯಿ ಭಾರವೇ ಅಂತಾರೆ.
ಕಣ್ಣಿಗೆ ರೆಪ್ಪೆ ಎಷ್ಟು ಭಾರ ಅಂತ ನನ್ನ ಕೇಳಿ.
ಮಗಳ ಸ್ಕೇಲು ಹಿಡಿದು ಕನ್ನಡಿಯಲ್ಲಿ ಅಳೆದು
ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ:
ಗರಿಷ್ಠ ಹತ್ತು ಮಿಲಿಮೀಟರು. ಇಂದಿನ ಮಟ್ಟ ಏಳು.
ಸಂಜೆ ಆರೂವರೆಗೆ ಆರೂವರೆ.

ಪೇಟೆಬೀದಿಯ ಸೊಪ್ಪಿನ ಕೆಂಪಮ್ಮ
'ಯಾರ ಕಣ್ಣು ತಾಕ್ತವ್ವ ನಿನ್ ಕಣ್ಗೆ?
ಮೆಣಸಿನಕಾಯಿ ನೀವಾಳ್ಸು' ಅಂದಳು.
ಮದ್ದೂರಿನಿಂದ ಯಾವನೋ ಫೋನು ಮಾಡಿ
'ಕಣ್ಣು ಹೊಡೆದ್ರಿ, ನೋಡ್ದೆ' ಎಂದು ನಕ್ಕು ಇಟ್ಟ.
ಸಿಟ್ಟಿಗೆ ಹುಬ್ಬು ಗಂಟಿಕ್ಕಲು ಹೋದೆ.
ಬೀಳಲಿಲ್ಲ ಗಂಟು.
ಹಣೆಯ ಆಚೆ ಬರಲು ದಾರಿ ಸಿಗದ ಸಿಟ್ಟು
ರಾತ್ರಿಯೆಲ್ಲ ಒಳಗೇ ಪಾತ್ರೆ ಕುಕ್ಕಿತು.

ಮೂರನೆಯ ವಾರ ಒಂದು ಟೆಂಪೊ ನಾಲೆಗೆ ಬಿತ್ತು.
ಹೆಸರು ಓದಬೇಕು, ಏಳು.
ಐದನೆಯದಕ್ಕೆ ಹೆಸರಿರಲಿಲ್ಲ.
'ಹೆಣ್ಣು, ಎರಡು ತಿಂಗಳು' ಅಂತ ಮಾತ್ರ ಟೈಪಾಗಿತ್ತು.
ಹಾಗೆಯೇ ಓದಿದೆ.
ಮಾನಿಟರಿನಲ್ಲಿ ನನ್ನ ಹಣೆ
ಹೊಸದಾಗಿ ಉಜ್ಜಿದ ತಟ್ಟೆಯಂತೆ ಹೊಳೆಯುತ್ತಿತ್ತು.
ಅವತ್ತು ಹನಿ ಹಾಕಿಕೊಳ್ಳುವುದು ಮರೆತಿತ್ತು.

ಹದಿನೈದು ದಿನ ಬಿಟ್ಟು ಆಫೀಸಿಗೆ ಒಬ್ಬ ಹೆಂಗಸು ಬಂದಳು,
ಚಪ್ಪಲಿ ಹೊರಗೆ ಬಿಟ್ಟು.
'ನಮ್ ತಂಗಿ ಇದ್ಲು ಆ ಟೆಂಪೊದಲ್ಲಿ, ಮಗ ಎತ್ಕಂಡು.
ಬೆಂಗ್ಳೂರು ಚಾನಲ್ನೋರು ಕಣ್ಣು ಅಗಲಿಸ್ಕಂಡು ಓದುದ್ರು.
ನೀವೊಬ್ರೇ ಕಣ್ ತಗ್ಸಿದ್ದು.'

ಬಾಯಿ ತೆರೆದೆ:
ಸೂಜಿ, ಒಂಬತ್ತು ಸಾವಿರ, ರೈಲಿನ ಸರಳು.
ತಂಗಿಯ ಫೋಟೊ ಹಿಡಿದು ಅವಳು ಕಾಯುತ್ತಿದ್ದಳು.
ಮುನೀರನಿಗೆ ಕಾಫಿ ತರಲು ಹೇಳಿದೆ.
ಮಗುವಿನ ಹೆಸರೇನಿಡಬೇಕು ಅಂತಿದ್ರಿ, ಕೇಳಿದೆ.
ಹೇಳಿದಳು.
ಅದನ್ನಿಲ್ಲಿ ಬರೆಯುವುದಿಲ್ಲ.

ಈಗ ಒಂಬತ್ತೂವರೆ ಇದೆ, ಏರುತ್ತಿದೆ.
ಹುಬ್ಬಿನ ನಡುವೆಯೂ ಎಳೆ ಗೆರೆಯೊಂದು
ಬಂದು ಹೋಗಿ ಮಾಡುತ್ತಿದೆ, ಬಾಡಿಗೆ ಮನೆ ನೋಡುವವರ ಹಾಗೆ.
ಕ್ಲಿನಿಕ್ಕಿನಿಂದ ಮೆಸೇಜು: ಮುಂದಿನ ಡೋಸಿಗೆ ಸಮಯವಾಯಿತು.
ಅಳಿಸಿಲ್ಲ. ಉತ್ತರ ಕೊಟ್ಟಿಲ್ಲ.
ಮುನೀರ ಬೆರಳೆತ್ತಿ ಮೂರು, ಎರಡು ಎಣಿಸುತ್ತಿದ್ದಾನೆ.
ಒಳಹರಿವಿನ ಚೀಟಿ ಎಲ್ಲಿಟ್ಟೆ?